ಪುಟಾಣಿಗಳಿಗೆ ಯುಕುಲೇಲೆ: ಬೇಸಿಗೆ ರಜೆಯಲ್ಲಿ ಐದು ದಿನದ ಶಿಬಿರ ನಡೆಸುವುದು ಹೇಗೆ

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿಟ್ಟರೆ ಮೇ ಕೊನೆವರೆಗೂ ಮಕ್ಕಳು ಮನೆಯಲ್ಲೇ. ಮಂಡ್ಯದ ನಮ್ಮ ಮನೆಯ ಮಹಡಿ ಮೇಲೆ ಒಂದು ಹಾಲ್ ಇದೆ. ಅಲ್ಲಿ ನಾಲ್ಕು ಬೇಸಿಗೆಯಿಂದ ಅಕ್ಕಪಕ್ಕದ ಬೀದಿಯ ಮಕ್ಕಳನ್ನು ಸೇರಿಸಿಕೊಂಡು ಐದು ದಿನದ ಯುಕುಲೇಲೆ (ಗಿಟಾರ್ ಥರದ, ನಾಲ್ಕು ತಂತಿಯ ಪುಟ್ಟ ವಾದ್ಯ) ಶಿಬಿರ ಮಾಡುತ್ತಿದ್ದೇನೆ. ನಾನು ದೊಡ್ಡ ವಾದಕಿ ಅಲ್ಲ. ಚಿಕ್ಕಂದಿನಲ್ಲಿ ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದೆ, ಯುಕುಲೇಲೆ ಆಮೇಲೆ ನಾನೇ ನುಡಿಸಿ ನುಡಿಸಿ ಕಲಿತದ್ದು. ಈಗ ಬೇರೆ ಊರಿನ ಗೆಳತಿಯರು, ಅಪಾರ್ಟ್‌ಮೆಂಟಿನವರು, ಒಂದಿಬ್ಬರು ಶಾಲಾ ಶಿಕ್ಷಕರು "ನಾವೂ ಮಾಡಬೇಕು, ಹೇಗೆ ಶುರು ಮಾಡೋದು" ಅಂತ ಕೇಳುತ್ತಿದ್ದಾರೆ. ಅವರಿಗಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಆರು ಏಳು ವರ್ಷದ ಮಗು ಮೊದಲ ದಿನ ಮನೆಗೆ ಹೋಗುವಾಗ ಒಂದು ಇಡೀ ಹಾಡನ್ನು ನುಡಿಸುತ್ತಾ ಹಾಡುವಂತಿರಬೇಕು. ಅರ್ಧ ಹಾಡು ಸಾಲದು, "ನಾಳೆ ನುಡಿಸೋಣ" ಅಂತ ಮುಂದೂಡುವುದೂ ಬೇಡ. ಅದು ಸಾಧ್ಯ. ಒಂದೇ ಬೆರಳು ಸಾಕು, ಹಲವು ಸಲ ಅದೂ ಬೇಡ.

ಎಷ್ಟು ಮಕ್ಕಳು, ಯಾವ ವಯಸ್ಸು

ಆರರಿಂದ ಒಂಬತ್ತು ವರ್ಷದವರನ್ನು ಸೇರಿಸಿಕೊಳ್ಳಿ. ಐದಕ್ಕಿಂತ ಚಿಕ್ಕವರಿಗೆ ತಂತಿ ಒತ್ತುವ ಬಲ ಬೆರಳಿಗೆ ಇನ್ನೂ ಬಂದಿರುವುದಿಲ್ಲ, ನಾಲ್ಕು ನಿಮಿಷಕ್ಕೆ ಅಳು ಬರುತ್ತದೆ. ತಮ್ಮ ತಂಗಿಯರು ಜೊತೆಗೆ ಬಂದರೆ ಬರಲಿ, ಅವರ ಕೈಗೆ ಒಂದು ಗಿಲಕಿ ಕೊಟ್ಟು ತಾಳಕ್ಕೆ ಕೂರಿಸಿ.

ಒಬ್ಬ ದೊಡ್ಡವರಿಗೆ ಐದಾರು ಮಕ್ಕಳು, ಅದಕ್ಕಿಂತ ಜಾಸ್ತಿ ಬೇಡ. ನಾನು ಹನ್ನೆರಡು ಮಕ್ಕಳಿಗೆ ನಿಲ್ಲಿಸುತ್ತೇನೆ, ನನ್ನ ಜೊತೆ ಪಕ್ಕದ ಮನೆಯ ಕಾಲೇಜು ಹುಡುಗಿ ಇರುತ್ತಾಳೆ. ಅವಳಿಗೆ ಸಂಗೀತ ಬರದಿದ್ದರೂ ನಡೆಯುತ್ತದೆ. ಬೆರಳು ಸರಿ ಮಾಡುವುದು, ನೀರು ಕುಡಿಸುವುದು, ಬಚ್ಚಲಿಗೆ ಕರೆದುಕೊಂಡು ಹೋಗುವುದು, ಇಷ್ಟಕ್ಕೆ ಇನ್ನೊಂದು ಜೊತೆ ಕೈ ಬೇಕೇ ಬೇಕು. ಅಪ್ಪ ಅಮ್ಮನ ಫೋನ್ ನಂಬರ್, ಮಗುವನ್ನು ಕರೆದೊಯ್ಯಲು ಬರುವವರು ಯಾರು, ತಿನ್ನಬಾರದ್ದು ಏನಾದರೂ ಇದೆಯಾ, ಇವನ್ನು ಸೇರಿಸಿಕೊಳ್ಳುವ ದಿನವೇ ಬರೆದಿಟ್ಟುಕೊಳ್ಳಿ.

ಸಮಯ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದು. ಆಮೇಲೆ ಮಹಡಿ ಕಾಯುತ್ತದೆ, ಕರೆಂಟ್ ಹೋದರಂತೂ ಮುಗಿಯಿತು. ಒಂದೂವರೆ ಗಂಟೆಯ ಮಧ್ಯೆ ಹದಿನೈದು ನಿಮಿಷ ಬಿಡುವು ಇರಲಿ. ಎಲ್ಲರೂ ಆರು ವರ್ಷದವರೇ ಆದರೆ ಒಂದು ಗಂಟೆ ಸಾಕು.

ವಾದ್ಯ ಕೊಳ್ಳುವ ಮೊದಲು ಇದನ್ನು ಓದಿ

ಯುಕುಲೇಲೆಯಲ್ಲಿ ಸೊಪ್ರಾನೊ, ಕನ್ಸರ್ಟ್, ಟೆನರ್, ಬ್ಯಾರಿಟೋನ್ ಅಂತ ನಾಲ್ಕು ಅಳತೆ. ಈ ವಯಸ್ಸಿಗೆ ಸೊಪ್ರಾನೊ ಸರಿ, ಅದರ ಉದ್ದ ಸುಮಾರು 21 ಇಂಚು. ಕೈ ಉದ್ದ ಇರುವ ಒಂಬತ್ತು ವರ್ಷದವರಿಗೆ 23 ಇಂಚಿನ ಕನ್ಸರ್ಟ್ ಕೊಡಬಹುದು. ಬ್ಯಾರಿಟೋನ್ ಮಾತ್ರ ಬೇಡವೇ ಬೇಡ, ಅದರ ಶ್ರುತಿಯೇ ಬೇರೆ.

ಮೊದಲ ವರ್ಷ ನಾನು ಬೆಲೆ ಕಡಿಮೆ ಅಂತ ಆನ್‌ಲೈನ್‌ನಲ್ಲಿ ಆರು ಪ್ಲಾಸ್ಟಿಕ್ ಯುಕುಲೇಲೆ ತರಿಸಿದ್ದೆ. ಚಿತ್ರದಲ್ಲಿ ಬಹಳ ಚೆನ್ನಾಗಿದ್ದವು. ಒಂದು ತಂತಿ ಸರಿ ಮಾಡಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತಿತ್ತು. ಮೊದಲ ದಿನದ ಮುಕ್ಕಾಲು ಗಂಟೆ ಬರೀ ಶ್ರುತಿ ಮಾಡುವುದರಲ್ಲೇ ಹೋಯಿತು, ಮಕ್ಕಳು ಸುಮ್ನೆ ನನ್ನ ಮುಖ ನೋಡುತ್ತಾ ಕೂತಿದ್ದರು. ಆ ಬೆಳಿಗ್ಗೆ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಶ್ರುತಿ ನಿಲ್ಲದ ವಾದ್ಯ ಮಗುವಿಗೆ "ನನ್ನ ಕೈಲಿ ಆಗಲ್ಲ" ಅನ್ನುವುದನ್ನು ಕಲಿಸುತ್ತದೆ, ಏಕೆಂದರೆ ತಪ್ಪು ವಾದ್ಯದ್ದು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಆಮೇಲೆ ಎರಡರಿಂದ ಮೂರು ಸಾವಿರದೊಳಗಿನ, ಪ್ಲೈವುಡ್ ಮೈಯ, ತಂತಿ ಬಿಗಿ ಮಾಡಲು ಹಲ್ಲುಚಕ್ರದ ಬಿರಡೆ ಇರುವ ಸೊಪ್ರಾನೊ ಕೊಂಡೆ. ಪೂರ್ತಿ ಗಟ್ಟಿಮರದ್ದಕ್ಕಿಂತ ಮಕ್ಕಳ ಕೈಗೆ ಪ್ಲೈವುಡ್ಡೇ ಒಳ್ಳೆಯದು. ಬಿಸಿಲಿಗೆ, ಕರಾವಳಿ ಮಲೆನಾಡಿನ ತೇವಕ್ಕೆ ಬೇಗ ಬಿರುಕು ಬಿಡುವುದಿಲ್ಲ. ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ ಮೂರು ಸಂಗತಿ ನೋಡಿ. ಬಿರಡೆ ತಿರುಗಿಸಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆಯಾ? ತಂತಿ ಬೆರಳುಹಲಗೆಯಿಂದ ತೀರಾ ಎತ್ತರದಲ್ಲಿ ಇದೆಯಾ? ಇದ್ದರೆ ಪುಟ್ಟ ಬೆರಳಿಗೆ ಒತ್ತಲು ಆಗುವುದಿಲ್ಲ. ಮೂರನೆಯದು ಮುಖ್ಯ. ಒಂದು ತಂತಿಯನ್ನು ಸುಮ್ನೆ ಮೀಟಿ, ಆಮೇಲೆ ಅದೇ ತಂತಿಯನ್ನು ಬೆರಳುಹಲಗೆಯ ಅಡ್ಡ ಕಂಬಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳಬೇಕು. ಕೇಳದಿದ್ದರೆ ಆ ವಾದ್ಯ ಬಿಟ್ಟುಬಿಡಿ, ಅದನ್ನು ಎಷ್ಟು ಶ್ರುತಿ ಮಾಡಿದರೂ ಅಪಸ್ವರವೇ.

ಹನ್ನೆರಡು ಮಕ್ಕಳಿಗೆ ಹನ್ನೆರಡು ವಾದ್ಯ ಬೇಕಾ? ಬೇಡ, ಆರು ಸಾಕು ಅನ್ನುತ್ತೇನೆ ನಾನು, ಮತ್ತು ಇದನ್ನು ಬರೀ ಖರ್ಚು ಉಳಿಸಲು ಹೇಳುತ್ತಿಲ್ಲ. ಇಬ್ಬರಿಗೆ ಒಂದು. ಒಬ್ಬರು ನುಡಿಸುವಾಗ ಇನ್ನೊಬ್ಬರು ಚಪ್ಪಾಳೆಯಲ್ಲಿ ತಾಳ ಹಾಕಿ ಹಾಡಬೇಕು, ಮೂರು ನಿಮಿಷಕ್ಕೊಮ್ಮೆ ಬದಲು. ಬೆರಳಿನ ನೋವಿಗೆ ಬಿಡುವು ಸಿಗುತ್ತದೆ, ತಾಳ ಗಟ್ಟಿಯಾಗುತ್ತದೆ, ಜೊತೆಯವನ ತಪ್ಪನ್ನು ನೋಡಿ ತಾನೇ ತಿದ್ದಿಕೊಳ್ಳುವುದೂ ಬರುತ್ತದೆ. ಕೊಳ್ಳಲು ಆಗದ ಮನೆಯ ಮಗುವಿಗೂ ಎಲ್ಲರ ಸಮ ಕೂರುವ ಜಾಗ ಸಿಗುತ್ತದೆ, ಅದು ನನಗೆ ಬಹಳ ಮುಖ್ಯ.

ಶ್ರುತಿ ಮಾಡುವ ಕೆಲಸ

ನಾಲ್ಕು ತಂತಿ, ಮೇಲಿನಿಂದ ಕೆಳಗೆ ಜಿ, ಸಿ, ಇ, ಎ. ಇವು ಪಾಶ್ಚಾತ್ಯ ಸಂಗೀತದ ಸ್ವರಗಳ ಹೆಸರು. ನುಡಿಸಲು ಹಿಡಿದಾಗ ಸೂರಿನ ಕಡೆ ಇರುವುದು ಜಿ, ನೆಲದ ಕಡೆ ಇರುವುದು ಎ. ಮೇಲಿನ ಜಿ ತಂತಿ ಸಣ್ಣ ದನಿಯದು, ಪಕ್ಕದ ಸಿ ಮತ್ತು ಇ ಗಿಂತ ಮೇಲಿನ ಸ್ವರ. ಗಿಟಾರ್ ಗೊತ್ತಿರುವವರು ಇಲ್ಲೇ ಎಡವುತ್ತಾರೆ, ಜಿ ಯನ್ನು ಒಂದು ಸ್ಥಾಯಿ ಕೆಳಗೆ ಇಳಿಸಿಬಿಡುತ್ತಾರೆ.

ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಸಿ ಯನ್ನು ಷಡ್ಜ, ಅಂದರೆ ಸ, ಅಂತ ಇಟ್ಟುಕೊಳ್ಳಿ. ಆಗ ನಾಲ್ಕು ತಂತಿ ಪ, ಸ, ಗ, ದ ಆಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಇಡೀ ಶಿಬಿರ ಈ ನಾಲ್ಕು ಸ್ವರದ ಮೇಲೆ ನಡೆಯುತ್ತದೆ.

ಶ್ರುತಿ ತೋರಿಸಲು ವಾದ್ಯದ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ಒಂದು ಕೊಳ್ಳಿ. ಫೋನಿನ ಆ್ಯಪ್ ಗಾಳಿಯಲ್ಲಿ ಬರುವ ಸದ್ದು ಕೇಳಿಸಿಕೊಳ್ಳುತ್ತದೆ, ಮಕ್ಕಳ ಗಲಾಟೆ, ಫ್ಯಾನ್ ಸದ್ದು ಎಲ್ಲ ಸೇರಿ ಅದಕ್ಕೆ ಗೊಂದಲ. ಕ್ಲಿಪ್ ಮರದ ಕಂಪನವನ್ನೇ ಹಿಡಿಯುವುದರಿಂದ ಎಷ್ಟು ಗದ್ದಲ ಇದ್ದರೂ ಸರಿಯಾಗಿ ತೋರಿಸುತ್ತದೆ. ಶ್ರುತಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ. ಹೆಚ್ಚಾದರೆ ಪೂರ್ತಿ ಇಳಿಸಿ ಮತ್ತೆ ಏರಿಸಿ, ಆಗ ನಿಲ್ಲುತ್ತದೆ. ಹೊಸ ನೈಲಾನ್ ತಂತಿ ಹಲವು ದಿನ ಎಳೆದುಕೊಳ್ಳುತ್ತಲೇ ಇರುತ್ತದೆ, ಹಾಗಾಗಿ ಶಿಬಿರಕ್ಕೆ ಒಂದು ವಾರ ಮೊದಲೇ ತಂದು ದಿನಾ ಎರಡು ಸಲ ಶ್ರುತಿ ಮಾಡಿ ಇಡಿ. ಶಿಬಿರದ ದಿನ ಮಕ್ಕಳು ಬರುವುದಕ್ಕೆ ಅರ್ಧ ಗಂಟೆ ಮೊದಲು ಎಲ್ಲವನ್ನೂ ಮತ್ತೊಮ್ಮೆ ನೋಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಇಡಲೇಬೇಡಿ, ಅಂಟು ಬಿಟ್ಟುಹೋಗುತ್ತದೆ.

ಮಕ್ಕಳ ಕೈ ಮೊದಲು ಹೋಗುವುದೇ ಬಿರಡೆಗೆ. ನಾನು ಅದಕ್ಕೆ ಕಿವಿ ಅಂತ ಹೆಸರಿಟ್ಟಿದ್ದೇನೆ. "ಅದರ ಕಿವಿ ಹಿಂಡಬಾರದು, ಅದಕ್ಕೂ ನೋಯುತ್ತೆ" ಅಂದರೆ ಸಾಕು, ಆಮೇಲೆ ಒಬ್ಬರನ್ನೊಬ್ಬರು ಅವರೇ ಕಾಯುತ್ತಾರೆ.

ಜಾಗ ಮತ್ತು ಕೂರುವ ರೀತಿ

ಕುರ್ಚಿ ಬೇಡ, ಮಕ್ಕಳ ಕಾಲು ನೇತಾಡುತ್ತದೆ, ವಾದ್ಯ ಜಾರುತ್ತದೆ. ಜಮಖಾನ ಹಾಸಿ ಚಕ್ಕಳಮಕ್ಕಳ ಹಾಕಿ ಅರ್ಧ ವೃತ್ತದಲ್ಲಿ ಕೂರಿಸಿ. ವಾದ್ಯದ ಹೊಟ್ಟೆ ಬಲತೊಡೆಯ ಮೇಲೆ, ಬಲ ಮುಂಗೈ ಅದನ್ನು ಮೆಲ್ಲಗೆ ಎದೆಗೆ ಅಪ್ಪಿ ಹಿಡಿಯಬೇಕು. ಎಡಗೈ ಬರೀ ಬೆರಳಿಡಲು, ವಾದ್ಯದ ಭಾರ ಹೊರಲು ಅಲ್ಲ. ಎಡಗೈಯನ್ನು ಗಾಳಿಯಲ್ಲಿ ಆಡಿಸಲು ಹೇಳಿ, ವಾದ್ಯ ಬೀಳದಿದ್ದರೆ ಹಿಡಿದದ್ದು ಸರಿ ಇದೆ ಅಂತ ಅರ್ಥ.

ಬಾಗಿಲ ಬಳಿ ಒಂದು ಉಗುರು ಕತ್ತರಿ ಇಡಿ. ಎಡಗೈ ಉಗುರು ಉದ್ದ ಇದ್ದರೆ ತಂತಿ ಒತ್ತಲು ಆಗುವುದೇ ಇಲ್ಲ. ಬಿಡುವಿನಲ್ಲಿ ಮಜ್ಜಿಗೆ, ಬಾಳೆಹಣ್ಣು, ಕಡಲೆಪುರಿ ಕೊಡಿ, ಎಣ್ಣೆ ತಿಂಡಿ ಬೇಡ. ತಿಂದ ಮೇಲೆ ಎಲ್ಲರೂ ಕೈ ತೊಳೆದೇ ತಂತಿ ಮುಟ್ಟಬೇಕು.

ಎರಡು ನಿಯಮ ಸಾಕು. ಎದ್ದು ಓಡಾಡುವಾಗ ವಾದ್ಯ ಕೈಯಲ್ಲಿ ಇರಬಾರದು. ನಾನು "ಜೋಜೋ" ಅಂದ ಕೂಡಲೇ ಎಲ್ಲರೂ ವಾದ್ಯವನ್ನು ತೊಡೆ ಮೇಲೆ ಬೋರಲು ಮಲಗಿಸಬೇಕು. ಈ ಜೋಜೋ ಇಲ್ಲದಿದ್ದರೆ ನೀವು ಐದು ದಿನವೂ ಸದ್ದಿನ ಮೇಲೆ ಕೂಗುತ್ತಲೇ ಇರಬೇಕಾಗುತ್ತದೆ.

ಮೊದಲ ದಿನ: ಕಥೆ, ತಾಳ, ಒಂದು ಹಾಡು

ಐದು ನಿಮಿಷ ಕಥೆಯಿಂದ ಶುರು ಮಾಡಿ. 1879ರಲ್ಲಿ ರೇವನ್ಸ್‌ಕ್ರ್ಯಾಗ್ ಅನ್ನುವ ಹಡಗು ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಹೊರಟು ಸುಮಾರು ನಾಲ್ಕು ತಿಂಗಳು ಸಮುದ್ರದ ಮೇಲೆ ತೇಲಿ ಹವಾಯಿಯ ಹೊನೊಲುಲು ಮುಟ್ಟಿತು. ಒಳಗಿದ್ದವರು ಕಬ್ಬಿನ ತೋಟದ ಕೆಲಸಕ್ಕೆ ಹೊರಟ ಕುಟುಂಬಗಳು. ಅವರ ಊರಿನ ಪುಟ್ಟ ನಾಲ್ಕು ತಂತಿಯ ವಾದ್ಯವೂ ಹಾಗೆ ಹವಾಯಿಗೆ ಬಂತು, ಅವರಲ್ಲಿ ಮೂವರು ಮರಗೆಲಸದವರು ಅಲ್ಲೇ ಅಂಗಡಿ ಇಟ್ಟು ಅಂಥ ವಾದ್ಯ ಮಾಡತೊಡಗಿದರು. ಹವಾಯಿಯ ರಾಜ ಕಲಾಕೌವಾಗೆ ಅದು ಬಹಳ ಇಷ್ಟ ಆಯಿತು. ಹವಾಯಿ ಮಾತಿನಲ್ಲಿ ಉಕು ಅಂದರೆ ಚಿಗಟ, ಲೆಲೆ ಅಂದರೆ ನೆಗೆಯುವುದು, ಬೆರಳು ತಂತಿ ಮೇಲೆ ಚಿಗಟದ ಹಾಗೆ ನೆಗೆಯುತ್ತದೆ ಅಂತ ಆ ಹೆಸರು ಬಂತು ಎಂದು ಹೇಳುತ್ತಾರೆ. ನಮ್ಮ ಮಂಡ್ಯದ ಮಕ್ಕಳಿಗೆ ಕಬ್ಬು ಅಂದ ಕೂಡಲೇ ಕಣ್ಣು ಅರಳುತ್ತದೆ. "ನಮ್ಮ ತಾತನೂ ಕಬ್ಬು ಹಾಕ್ತಾರೆ ಮಿಸ್" ಅಂತ ನಾಲ್ಕು ಕೈ ಮೇಲೆ ಹೋಗುತ್ತದೆ, ವಾದ್ಯ ಅಷ್ಟು ಹೊತ್ತಿಗೇ ಅವರದಾಗಿರುತ್ತದೆ.

ಆಮೇಲೆ ವಾದ್ಯದ ತಲೆ, ಕುತ್ತಿಗೆ, ಹೊಟ್ಟೆ, ಕಿವಿ. ನೀವು ಹೇಳಿದ್ದನ್ನು ಅವರು ಮುಟ್ಟಿ ತೋರಿಸಬೇಕು, ಎರಡು ನಿಮಿಷದ ಆಟ.

ಈಗ ವಾದ್ಯ ಇಲ್ಲದೆ ಹಾಡು ಕಲಿಸಿ. ಯಾವ ಹಾಡು? ಇಲ್ಲಿ ನನ್ನದು ಒಂದು ಹಟ ಇದೆ. ಮಕ್ಕಳ ಯುಕುಲೇಲೆ ಪಾಠ ಅಂದರೆ ಇಂಗ್ಲಿಷ್ ರೈಮ್ಸ್ ಅಂತಲೇ ಆಗಿಬಿಟ್ಟಿದೆ. ಅವು ಬೇಡ ಅಂತಲ್ಲ. ಆದರೆ ಕೈ ಹೊಸತು, ವಾದ್ಯ ಹೊಸತು, ಜೊತೆಗೆ ನಾಲಿಗೆಗೂ ಹೊಸತನ್ನು ಹೇರಿದರೆ ಮಗು ಎಷ್ಟನ್ನು ಒಟ್ಟಿಗೆ ನಿಭಾಯಿಸಬೇಕು ಹೇಳಿ? ಮನೆ ಮಾತಿನಲ್ಲಿ ಹಾಡಿದರೆ ಬಾಯಿ ತಾನಾಗೇ ನಡೆಯುತ್ತದೆ, ಗಮನವೆಲ್ಲ ಕೈಗೆ ಸಿಗುತ್ತದೆ. ಶಿಬಿರಕ್ಕೆಂದೇ ನಾನು ಕಟ್ಟಿದ ನಾಲ್ಕು ಸಾಲು ಇವು, ಬೇಕಿದ್ದವರು ಬಳಸಿಕೊಳ್ಳಿ:

ಬೆಲ್ಲ ಬೆಲ್ಲ ಆಲೆಮನೆ ಬೆಲ್ಲ
ಇರುವೆಗೆ ಒಂದು ಚೂರು ಬೆಲ್ಲ
ಅಜ್ಜಿಗೆ ಒಂದು ಉಂಡೆ ಬೆಲ್ಲ
ಮಿಕ್ಕಿದ್ದೆಲ್ಲ ನಮಗೇ ಬೆಲ್ಲ

ಪ್ರತಿ ಸಾಲಿಗೂ ನಾಲ್ಕು ಪೆಟ್ಟು. ಮೊದಲ ಮೂರು ಸಾಲಿನಲ್ಲಿ ಪದಕ್ಕೊಂದು ಪೆಟ್ಟು, ಕೊನೆಯ ಸಾಲಿನಲ್ಲಿ ಮಾತ್ರ "ಮಿಕ್ಕಿದ್" ಮತ್ತು "ದೆಲ್ಲ" ಅಂತ ಮೊದಲ ಪದವನ್ನು ಎರಡಾಗಿ ಒಡೆಯಿರಿ. ಸ್ವರ ಬಹಳ ಸುಲಭ. ಮೊದಲ ಎರಡು ಸಾಲಿಗೆ ಪೆಟ್ಟಿಗೊಂದರಂತೆ ಸ, ಗ, ಪ, ಗ. ಮೂರನೆಯದಕ್ಕೆ ದ, ದ, ಗ, ಗ. ಕೊನೆಯದಕ್ಕೆ ಗ, ಗ, ರಿ, ಸ. ಒಂದು ಪದದಲ್ಲಿ ಎಷ್ಟೇ ಅಕ್ಷರ ಇದ್ದರೂ ಅದೇ ಸ್ವರದಲ್ಲಿ ಹೇಳಿದರೆ ಆಯಿತು. ಇದು ಮೋಹನದ ಸ್ವರಗಳು, ನಿಮಗೆ ರಾಗದ ಹೆಸರು ಗೊತ್ತಿಲ್ಲದಿದ್ದರೂ ತೊಂದರೆ ಇಲ್ಲ.

ನೀವು ಹಾಡುವಾಗ ವಾದ್ಯದ ಸಿ ತಂತಿಯ ಶ್ರುತಿಗೇ ಹಾಡಿ. ನಮ್ಮ ಗಂಟಲಿಗೆ ಅನುಕೂಲ ಅಂತ ಕೆಳಗಿನ ಶ್ರುತಿ ಹಿಡಿದರೆ ಮಕ್ಕಳು ಗುರುಗುಟ್ಟುತ್ತಾರೆ ಅಷ್ಟೆ, ಅವರ ದನಿ ಅಲ್ಲಿಗೆ ಇಳಿಯುವುದಿಲ್ಲ. ಸಿ ಯಿಂದ ಮೇಲಿನ ಎ ವರೆಗೆ ಅವರಿಗೆ ಸಲೀಸು, ಈ ಹಾಡು ಅಷ್ಟರೊಳಗೇ ಇದೆ.

ಚಪ್ಪಾಳೆ ತಟ್ಟುತ್ತಾ ನಾಲ್ಕೈದು ಸಲ ಹಾಡಿಸಿ. ಆಮೇಲೆ ಚಪ್ಪಾಳೆಯ ಜೊತೆ ಬಾಯಲ್ಲಿ "ತ ಕ ಧಿ ಮಿ". ಈಗ ವಾದ್ಯ ಎತ್ತಿಕೊಂಡು ಅದೇ ತಕಧಿಮಿಯನ್ನು ಬಲಗೈ ಹೆಬ್ಬೆರಳಿಂದ ಮೇಲಿಂದ ಕೆಳಕ್ಕೆ ಸವರಿ, ಎಡಗೈ ಏನೂ ಮಾಡುವುದು ಬೇಡ. ಸವರುವ ಜಾಗ ಕುತ್ತಿಗೆ ಮತ್ತು ಹೊಟ್ಟೆ ಸೇರುವ ಕಡೆ. ಅಲ್ಲಿ ದನಿ ಮೃದು, ತಂತಿಯೂ ಸಡಿಲವಾಗಿ ಸಿಗುತ್ತದೆ. ಬರಿ ತಂತಿಯಲ್ಲಿ ಪ ಸ ಗ ದ ಒಟ್ಟಿಗೆ ಕೇಳುತ್ತದೆ, ಆ ಸದ್ದೇ ಒಂದು ಸಂತೋಷ. ಹನ್ನೆರಡು ಮಕ್ಕಳ ಮುಖ ಆಗ ನೋಡಬೇಕು.

ಇನ್ನೊಂದು ದಾರಿ ನನಗೆ ಬಹಳ ಪ್ರಿಯ. ಮೇಲಿನ ಎರಡು ತಂತಿ ಮಾತ್ರ ಮೀಟಲು ಹೇಳಿ, ಅಂದರೆ ಪ ಮತ್ತು ಸ. ತಂಬೂರಿಯಲ್ಲಿ ಕೇಳುವ ಆಧಾರ ಇದೇ ಅಲ್ವಾ? ನಮ್ಮ ಮಳವಳ್ಳಿ ಕಡೆ ನೀಲಗಾರರು ಮಂಟೇಸ್ವಾಮಿ ಕಥೆಯನ್ನು ರಾತ್ರಿಯಿಡೀ ಹಾಡುವಾಗ ಕೈಯಲ್ಲಿ ತಂಬೂರಿ ಹಿಡಿದು ಒಂದೇ ಶ್ರುತಿಯ ಮೇಲೆ ಹಾಡುತ್ತಾರೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗದೆ ಹಾಡು ನಡೆಯದು ಅನ್ನುವುದು ಆಚೆಯವರ ಸಂಗೀತದ ಲೆಕ್ಕ. ನಮ್ಮ ಮಕ್ಕಳ ಹಾಡು, ಜೋಗುಳ, ದೇವರನಾಮ ಒಂದೇ ಶ್ರುತಿಯ ಮೇಲೆ ಚೆನ್ನಾಗಿಯೇ ಕೂರುತ್ತದೆ. ಹಾಗಾಗಿ ಬೆರಳು ನೋಯುವ ಮಗು, ತೀರಾ ಪುಟ್ಟ ಮಗು, ಹೆದರಿದ ಮಗು, ಯಾರೇ ಆದರೂ ಈ ಎರಡು ತಂತಿ ಮೀಟುತ್ತಾ ಮೊದಲ ದಿನವೇ ಇಡೀ ಹಾಡು ಹಾಡಬಹುದು.

ಬಿಡುವು ಮುಗಿದ ಮೇಲೆ ಮೊದಲ ಕಾರ್ಡ್, ಸಿ. ನೆಲದ ಕಡೆಯ ಎ ತಂತಿ, ತಲೆಯ ಕಡೆಯಿಂದ ಮೂರನೇ ಮನೆ (ಎರಡು ಫ್ರೆಟ್ ಕಂಬಿಗಳ ನಡುವಿನ ಜಾಗ), ಉಂಗುರದ ಬೆರಳು. ಇಷ್ಟೇ. ನಾನು ಆ ಜಾಗದಲ್ಲಿ ಹಣೆಗೆ ಇಡುವ ಸ್ಟಿಕ್ಕರ್ ಬೊಟ್ಟು ಅಂಟಿಸಿರುತ್ತೇನೆ, ಸಿ ಗೆ ಕೆಂಪು. "ಕೆಂಪು ಬೊಟ್ಟು ಮುಚ್ಚು" ಅಂದರೆ ಮಗುವಿಗೆ ಎಣಿಸುವ ಗೋಜಿಲ್ಲ. ಬೊಟ್ಟನ್ನು ಮನೆಯ ನಡುವೆ ಅಂಟಿಸಬೇಡಿ, ಮುಂದಿನ ಫ್ರೆಟ್ ಕಂಬಿಗೆ ಹತ್ತಿರ ಇರಲಿ. ಕಂಬಿಯ ಹತ್ತಿರ ಒತ್ತಿದರೆ ಕಡಿಮೆ ಬಲ ಸಾಕು, ದೂರ ಹೋದರೆ ಜುಂಯ್ ಅನ್ನುತ್ತದೆ. ಬೆರಳ ತುದಿಯಿಂದ ಒತ್ತಬೇಕು, ಬೆರಳು ಮಲಗಬಾರದು.

ಎಡಗೈ ರೂಢಿಯ ಮಗು ಬಂದರೆ ಮೊದಲ ಎರಡು ದಿನ ಎಲ್ಲರ ಹಾಗೇ ಹಿಡಿಯಲಿ, ಹೇಗಿದ್ದರೂ ಎರಡೂ ಕೈ ಹೊಸದಾಗಿ ಕಲಿಯುತ್ತಿವೆ. ಮತ್ತೆ ಮತ್ತೆ ತಾನಾಗೇ ತಿರುಗಿಸಿ ಹಿಡಿದರೆ ಒತ್ತಾಯ ಬೇಡ, ಆ ವಾದ್ಯದ ತಂತಿಗಳನ್ನು ಅದಲುಬದಲು ಮಾಡಿಕೊಡಿ.

ಮನೆಗೆ ಹೋಗುವ ಮೊದಲು ಎಲ್ಲರೂ ಸೇರಿ ಬೆಲ್ಲದ ಹಾಡನ್ನು ಮೂರು ಸಲ.

ಎರಡನೇ ದಿನ: ಅಜ್ಜಿಯ ಸಾಲಿಗೆ ಬೇರೆ ಬಣ್ಣ

ಬೆರಳು ನೋವು ಅಂತ ಅರ್ಧ ಮಕ್ಕಳು ಹೇಳುತ್ತಾರೆ. ನಿಜವಾಗಿಯೂ ನೋಯುತ್ತದೆ, "ಏನೂ ಆಗಲ್ಲ" ಅನ್ನಬೇಡಿ. ಬೆರಳು ತೋರಿಸಲಿ, ನೋಡಿ, ತಣ್ಣೀರಲ್ಲಿ ಅದ್ದಿಸಿ, ಅವತ್ತಿಗೆ ಎರಡು ತಂತಿಯ ಆಧಾರ ಕೊಡಿ. ಹೋದ ವರ್ಷ ಒಬ್ಬ ಹುಡುಗ ಎರಡು ದಿನ ತಂತಿ ಒತ್ತಲೇ ಇಲ್ಲ, ಬರೀ ಚಪ್ಪಾಳೆ. ನಾನು ಬಿಟ್ಟುಬಿಟ್ಟೆ. ಮೂರನೇ ದಿನ ಬಿಡುವಿನ ಹೊತ್ತಲ್ಲಿ, ಎಲ್ಲರೂ ಮಜ್ಜಿಗೆ ಕುಡಿಯುವಾಗ, ಅವನೊಬ್ಬನೇ ಮೂಲೆಯಲ್ಲಿ ಕೂತು ಕೆಂಪು ಬೊಟ್ಟು ಒತ್ತಿ ಒತ್ತಿ ನೋಡುತ್ತಿದ್ದ. ನಾನು ಆ ಕಡೆ ತಿರುಗಲಿಲ್ಲ.

ಇವತ್ತಿನ ಕಾರ್ಡ್ ಎ ಮೈನರ್. ಸೂರಿನ ಕಡೆಯ ಜಿ ತಂತಿ, ಎರಡನೇ ಮನೆ, ನಡುಬೆರಳು. ಬೊಟ್ಟು ಹಸಿರು. ಇದೂ ಒಂದೇ ಬೆರಳು. ಬೆಲ್ಲದ ಹಾಡಿನ ಮೂರನೇ ಸಾಲು, ಅಜ್ಜಿಯ ಸಾಲು, ಎ ಮೈನರ್‌ಗೆ ಹೋಗುತ್ತದೆ. ಉಳಿದ ಮೂರು ಸಿ. ಮೊದಲು ನೀವೇ ಎರಡು ರೀತಿ ನುಡಿಸಿ ತೋರಿಸಿ, ಪೂರ್ತಿ ಸಿ ಯಲ್ಲಿ ಒಮ್ಮೆ, ಅಜ್ಜಿಯ ಸಾಲು ಬದಲಿಸಿ ಇನ್ನೊಮ್ಮೆ. "ಏನು ಬೇರೆ ಆಯಿತು?" ಅಂತ ಕೇಳಿ. "ಮೋಡ ಬಂತು" ಅಂದಳು ಒಬ್ಬಳು. ತಿಳಿ ದನಿಯ ಕಾರ್ಡ್ ಮೇಜರ್, ಮಂಕು ದನಿಯದು ಮೈನರ್ ಅನ್ನುವ ಪಾಠ ಅಲ್ಲಿಗೆ ಮುಗಿಯಿತು.

ಬದಲಿಸುವಾಗ ಬೆರಳು ತಡವಾಗುತ್ತದೆ. ಗಾಬರಿ ಬೇಡ, ಬಲಗೈ ಮಾತ್ರ ನಿಲ್ಲಬಾರದು. ಬರಿ ತಂತಿಯಲ್ಲಿ ಇರುವ ಸ ಗ ಪ ದ ದಲ್ಲೇ ಸಿ ಕಾರ್ಡಿನ ಸ್ವರಗಳೂ ಇವೆ, ಎ ಮೈನರ್‌ನವೂ ಇವೆ. ಬೆರಳು ಇನ್ನೂ ದಾರಿಯಲ್ಲಿದ್ದಾಗ ಒಂದು ಪೆಟ್ಟು ಬರಿ ತಂತಿಗೆ ಬಿದ್ದರೂ ಕಿವಿಗೆ ಕೆಟ್ಟದಾಗಿ ಕೇಳುವುದಿಲ್ಲ. ಚಿಕ್ಕ ಮಕ್ಕಳಿಗೆ ಈ ವಾದ್ಯ ಇಷ್ಟು ಹೊಂದುವುದಕ್ಕೆ ಇದೇ ದೊಡ್ಡ ಕಾರಣ ಅನ್ನಿಸುತ್ತದೆ ನನಗೆ.

ಮೂರನೇ ದಿನ: ಮನೆಯಿಂದ ಬಂದ ಹಾಡು

ಪ್ರತಿ ಮಗುವೂ ಮನೆಯಲ್ಲಿ ಯಾರಾದರೂ ಹಾಡುವ ಒಂದು ಹಾಡು ತರಬೇಕು. ಅಜ್ಜಿಯ ಜೋಗುಳ, ಅಂಗನವಾಡಿಯ ಹಾಡು, ಅಪ್ಪ ಗುನುಗುವ ಸಿನಿಮಾ ಹಾಡು, ಯಾವುದಾದರೂ ಸರಿ. ಎರಡು ತಂತಿಯ ಆಧಾರ ಮೀಟುತ್ತಾ ಹಾಡಲು ಹೇಳಿ, ಮಗು ತಾನಾಗೇ ಆ ಶ್ರುತಿಗೆ ಬಂದು ಸೇರುತ್ತದೆ. ಆಮೇಲೆ ನೀವು ಸಿ ಹಿಡಿದು ನೋಡಿ. ಕಿವಿಗೆ ಚುಚ್ಚಿದ ಕಡೆ ಎಫ್ ಅಥವಾ ಜಿ ಸೆವೆನ್ ಹಾಕಿ ನೋಡಿ, ಮಕ್ಕಳ ಹಾಡಿಗೆ ಹೆಚ್ಚಿನ ಸಲ ಈ ಮೂರು ಸಾಕಾಗುತ್ತದೆ.

ಎಫ್ ಗೆ ಎ ಮೈನರ್‌ನ ಹಸಿರು ಬೊಟ್ಟು ಬಿಡದೆ, ಇ ತಂತಿಯ ಮೊದಲ ಮನೆಗೆ ತೋರುಬೆರಳು ಸೇರಿಸಿದರೆ ಆಯಿತು. ಎಂಟು ವರ್ಷ ದಾಟಿದವರಿಗೆ ಬರುತ್ತದೆ. ಜಿ ಸೆವೆನ್‌ಗೆ ಮೂರು ಬೆರಳು: ಸಿ ತಂತಿ ಎರಡನೇ ಮನೆ, ಇ ತಂತಿ ಮೊದಲ ಮನೆ, ಎ ತಂತಿ ಎರಡನೇ ಮನೆ. ಐದು ದಿನದಲ್ಲಿ ಇದನ್ನು ಎಲ್ಲರಿಗೂ ಕಲಿಸಲು ಹೋಗಬೇಡಿ.

ಬದಲಿಗೆ ತಂಡ ಮಾಡಿ. ಎಡಗಡೆಯವರು ಬರೀ ಸಿ, ಬಲಗಡೆಯ ದೊಡ್ಡವರು ಬರೀ ಎಫ್. ಯಾರೂ ಬೆರಳು ಬದಲಿಸುವಂತಿಲ್ಲ. ನೀವು ಕೈ ತೋರಿಸಿದ ತಂಡ ಮಾತ್ರ ನುಡಿಸಬೇಕು, ಹಾಡು ಎಲ್ಲರದ್ದು. ಅರ್ಧ ಗಂಟೆ ಆದ ಮೇಲೆ ಕೈ ತೋರಿಸುವ ಕೆಲಸವನ್ನು ಒಬ್ಬೊಬ್ಬ ಮಗುವಿಗೇ ಕೊಡಿ. ಎಲ್ಲಿ ಬದಲಾಗಬೇಕು ಅಂತ ಕಿವಿಯಿಂದ ಹಿಡಿಯುವುದು ಅವರಿಗೆ ಎಷ್ಟು ಬೇಗ ಬರುತ್ತದೆ ಅಂದರೆ, ನಾನು ಪ್ರತಿ ವರ್ಷ ಬೆರಗಾಗುತ್ತೇನೆ.

ನಾಲ್ಕನೇ ದಿನ: ಹಾಡಿನ ಸ್ವರವನ್ನೇ ಮೀಟುವುದು

ಇವತ್ತು ಕಾರ್ಡ್ ಬಿಟ್ಟು ಒಂದೊಂದೇ ತಂತಿ. ಸಿ ತಂತಿ ಬರಿದು ಸ, ಅದರ ಎರಡನೇ ಮನೆ ರಿ. ಇ ತಂತಿ ಬರಿದು ಗ, ಅದರ ಮೂರನೇ ಮನೆ ಪ. ಎ ತಂತಿ ಬರಿದು ದ, ಅದರ ಮೂರನೇ ಮನೆ ಮೇಲಿನ ಸ. ಇಷ್ಟಕ್ಕೆ ಇಡೀ ಮೋಹನ ಬಂತು, ಅರ್ಧ ಸ್ವರಗಳಿಗೆ ಬೆರಳೇ ಬೇಡ. ಅಜ್ಜಿಯ ಸಾಲು ದ ದ ಗ ಗ ಪೂರ್ತಿ ಬರಿ ತಂತಿ, ಆದ್ದರಿಂದ ಅಲ್ಲಿಂದಲೇ ಶುರು ಮಾಡಿ. ಆಮೇಲೆ ಸ ಗ ಪ ಗ, ಕೊನೆಗೆ ಗ ಗ ರಿ ಸ.

ಆರು ಮಕ್ಕಳು ಸ್ವರ ಮೀಟಲಿ, ತಾಳ ಹಾಕುವ ಜೊತೆಯವರು ಆ ಸ್ವರಗಳನ್ನೇ ಬಾಯಲ್ಲಿ ಹೇಳಲಿ. ಸಂಗೀತ ಪಾಠಕ್ಕೆ ಹೋಗುವ ಮಕ್ಕಳಿದ್ದರೆ ಅವರಿಗೆ ಇದು ಹಬ್ಬ. ಒಬ್ಬ ಹುಡುಗಿ "ಮಿಸ್, ಇದು ನಮ್ಮ ಕ್ಲಾಸಿನ ಮೋಹನ!" ಅಂತ ಎದ್ದೇ ನಿಂತುಬಿಟ್ಟಿದ್ದಳು. ಅಲ್ಲಿವರೆಗೆ ಅವಳ ಮಟ್ಟಿಗೆ ಯುಕುಲೇಲೆ ಬೇರೆ, ಪಾಠದ ಸಂಗೀತ ಬೇರೆ.

ಉಳಿದ ಹೊತ್ತು ಮಾರನೇ ದಿನಕ್ಕೆ ತಯಾರಿ.

ಐದನೇ ದಿನ: ಮನೆಯವರ ಮುಂದೆ

ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಶಿಬಿರಗಳಲ್ಲಿ ಮಕ್ಕಳು ಕೊನೆಗೆ ನಾಟಕ ಆಡುತ್ತಾರಲ್ಲ, ಅದೇ ರೀತಿ ಇಲ್ಲೂ ಒಂದು ಪುಟ್ಟ ಕಾರ್ಯಕ್ರಮ ಇರಲಿ. ಹದಿನೈದು ನಿಮಿಷ ಸಾಕು. ವೇದಿಕೆ ಬೇಡ, ಮೈಕ್ ಬೇಡ. ಮಕ್ಕಳು ಜಮಖಾನದ ಮೇಲೆ ದಿನಾ ಕೂರುವ ಜಾಗದಲ್ಲೇ ಕೂರಲಿ, ಮನೆಯವರು ಎದುರಿಗೆ ನೆಲದ ಮೇಲೆ. ಒಬ್ಬೊಬ್ಬರನ್ನೇ ನುಡಿಸಲು ನಿಲ್ಲಿಸಬೇಡಿ. ಬೆಲ್ಲದ ಹಾಡು, ಮನೆಯಿಂದ ತಂದ ಎರಡು ಮೂರು ಹಾಡು, ಎಲ್ಲವೂ ಗುಂಪಿನಲ್ಲಿ. ಕೊನೆಯ ಹಾಡಿಗೆ ಪ್ರತಿ ಮಗುವೂ ತನ್ನ ಅಮ್ಮನಿಗೋ ತಾತನಿಗೋ ವಾದ್ಯ ಕೊಟ್ಟು ಕೆಂಪು ಬೊಟ್ಟು ತೋರಿಸಿ ಸಿ ಕಾರ್ಡ್ ಕಲಿಸಬೇಕು, ಆಮೇಲೆ ಎಲ್ಲರೂ ಒಟ್ಟಿಗೆ. ತಾತಂದಿರು ಬೆರಳಿಡಲು ಕಷ್ಟಪಡುವುದನ್ನು ನೋಡಿದಾಗ ಮಕ್ಕಳು ಎಷ್ಟು ತಾಳ್ಮೆಯಿಂದ ಕಲಿಸುತ್ತಾರೆ ಗೊತ್ತಾ. ನೀವು ಐದು ದಿನ ಅವರ ಜೊತೆ ಹೇಗೆ ನಡೆದುಕೊಂಡಿರಿ ಅನ್ನುವುದು ಅಲ್ಲಿ ಹಾಗೆಯೇ ಕಾಣುತ್ತದೆ.

ಮೊದಲ ನಾಲ್ಕು ದಿನ ಮಾತ್ರ ಪೋಷಕರು ಒಳಗೆ ಕೂರುವುದು ಬೇಡ ಅಂತ ಮೊದಲೇ ಹೇಳಿಬಿಡಿ. ಅಮ್ಮ ನೋಡುತ್ತಿದ್ದರೆ ಮಗುವಿನ ಕಣ್ಣು ಅಮ್ಮನ ಮುಖದಲ್ಲಿ ಇರುತ್ತದೆ. ಅವರ ಸಮಾಧಾನಕ್ಕೆ ದಿನಾ ಸಂಜೆ ವಾಟ್ಸಾಪ್‌ನಲ್ಲಿ ಅವತ್ತಿನ ಹಾಡಿನ ಒಂದು ನಿಮಿಷದ ಆಡಿಯೊ ಕಳಿಸಿ, ಇಡೀ ಗುಂಪಿನದು.

ಶಿಬಿರ ಮುಗಿದ ಮೇಲೆ

ಸ್ವಂತ ವಾದ್ಯ ಇರುವ ಮಕ್ಕಳ ಮನೆಯವರಿಗೆ ಮೂರು ಮಾತು ಹೇಳಿ ಕಳಿಸುತ್ತೇನೆ. ಚೀಲಕ್ಕೆ ಹಾಕಿ ಬೀರುವಿನ ಮೇಲೆ ಇಡಬೇಡಿ, ಗೋಡೆಗೆ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಒಂದು ಮೊಳೆ ಹೊಡೆದು ನೇತುಹಾಕಿ, ಬಿಸಿಲು ಬೀಳುವ ಕಿಟಕಿ ಪಕ್ಕ ಬೇಡ. ದಿನಾ ಬೆಳಿಗ್ಗೆ ದೊಡ್ಡವರು ಯಾರಾದರೂ ಎರಡು ನಿಮಿಷ ಶ್ರುತಿ ನೋಡಿ ಇಡಿ, ಮಗು ಎತ್ತಿಕೊಂಡಾಗ ಅದು ಶ್ರುತಿಯಲ್ಲೇ ಇರಬೇಕು. "ಪ್ರಾಕ್ಟೀಸ್ ಮಾಡು" ಅಂತ ಬೆನ್ನು ಹತ್ತಬೇಡಿ, ಊಟ ಆದ ಮೇಲೆ "ಆ ಬೆಲ್ಲದ ಹಾಡು ಹಾಡೇ" ಅಂತ ಕೇಳಿ.

ವಾದ್ಯ ಇಲ್ಲದವರಿಗೆ ನನ್ನ ಆರು ವ‍ಾದ್ಯ ಶಾಲೆ ಶುರುವಾಗುವವರೆಗೆ ಸರದಿಯಲ್ಲಿ ವಾರಕ್ಕೊಂದು ಮನೆಯಂತೆ ಹೋಗಿ ಬರುತ್ತವೆ. ಚೀಲದೊಳಗೆ ಒಂದು ಚೀಟಿ, ಒಂದು ಹಾಳೆ ಸ್ಟಿಕ್ಕರ್ ಬೊಟ್ಟು, ಒಂದು ಜೊತೆ ತಂತಿ ಇಟ್ಟಿರುತ್ತೇನೆ. ನಾಲ್ಕು ವರ್ಷದಲ್ಲಿ ಒಂದೂ ಕಳೆದಿಲ್ಲ. ಎರಡು ತಂತಿ ಕಿತ್ತಿವೆ ಅಷ್ಟೆ, ಎರಡೂ ಎ ತಂತಿ, ಕೆಂಪು ಬೊಟ್ಟು ಇರುವ ತಂತಿ.